ಹಂದಿ ತಂದವರು, ಪ್ಯೂಮಾ ಕೊಂದವರು

ಅಕ್ಕನ ಮಗ ಸ್ಯಾನ್ ಹೋಸೆಯಲ್ಲಿದ್ದಾನೆ. ಕಳೆದ ಸಲ ಫೋನು ಮಾಡಿದಾಗ, "ಮಾವ, ರಾತ್ರಿ ಹಂದಿ ಬಂದು ಮನೆ ಮುಂದಿನ ಹುಲ್ಲನ್ನೆಲ್ಲ ಉತ್ತು ಹಾಕಿದೆ" ಅಂದ. ನನಗೆ ನಗು ತಡೆಯಲಾಗಲಿಲ್ಲ. ತೀರ್ಥಹಳ್ಳಿ ಕಡೆ ಗದ್ದೆ ಕಾಯಲು ರಾತ್ರಿಯಿಡೀ ಡಬ್ಬ ಬಡಿದ ಮನೆತನದ ಹುಡುಗ, ಸಮುದ್ರ ದಾಟಿ ಹೋದರೂ ಹಂದಿ ಬಿಡಲಿಲ್ಲವಲ್ಲ ಅಂತ! ಆಮೇಲೆ ಅವನೇ ಇನ್ನೊಂದು ಮಾತು ಸೇರಿಸಿದ. ಅವರ ಬಡಾವಣೆ ಹಿಂದಿನ ಗುಡ್ಡದಲ್ಲಿ "ಮೌಂಟನ್ ಲಯನ್ ಓಡಾಡುವ ಜಾಗ, ಎಚ್ಚರ" ಅಂತ ಬೋರ್ಡು ಹಾಕಿದ್ದಾರಂತೆ.

ಹಂದಿ ಇದೆ. ಅದನ್ನು ಹಿಡಿದು ತಿನ್ನಬಲ್ಲ ಪ್ರಾಣಿಯೂ ಇದೆ. ಕೋವಿ ಹಿಡಿದ ಶಿಕಾರಿಯವರಿಗಂತೂ ಆ ದೇಶದಲ್ಲಿ ಬರವಿಲ್ಲ. ಹಾಗಿದ್ದೂ ಹಂದಿ ಯಾಕೆ ಹೆಚ್ಚುತ್ತಲೇ ಹೋಯಿತು? ಈ ಪ್ರಶ್ನೆ ತಲೆಯಲ್ಲಿ ಹೊಕ್ಕಿದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಮೊದಲು ಒಂದು ಮಾತು. ಮೌಂಟನ್ ಲಯನ್ ಅಂದರೆ ಸಿಂಹವಲ್ಲ, ಪ್ಯೂಮಾ. ಕೂಗರ್ ಅನ್ನುವುದೂ ಅದನ್ನೇ, ಫ್ಲೋರಿಡಾದವರು ಪ್ಯಾಂಥರ್ ಅನ್ನುವುದೂ ಅದನ್ನೇ. ಒಣಹುಲ್ಲಿನ ಬಣ್ಣ, ಕೇಸರವಿಲ್ಲ, ಗರ್ಜನೆಯೂ ಇಲ್ಲ. ಅದು ಆ ನೆಲದ್ದೇ ಪ್ರಾಣಿ. ಹಂದಿ ಹಾಗಲ್ಲ. ಕೊಲಂಬಸ್‌ಗಿಂತ ಮುಂಚೆ ಅಮೆರಿಕಾ ಖಂಡಗಳಲ್ಲಿ ಈ ಜಾತಿಯ ಒಂದು ಹಂದಿಯೂ ಇರಲಿಲ್ಲ. 1539ರಲ್ಲಿ ಹೆರ್ನಾಂಡೊ ಡಿ ಸೋಟೊ ಎಂಬ ಸ್ಪೇನಿನ ದಂಡನಾಯಕ ಫ್ಲೋರಿಡಾದಲ್ಲಿ ಇಳಿದಾಗ ಸೈನ್ಯದ ಹೊಟ್ಟೆಪಾಡಿಗೆಂದು ಹಂದಿ ಹಿಂಡನ್ನೂ ಕರೆತಂದಿದ್ದ. 13 ಹೆಣ್ಣು ಹಂದಿಗಳಿಂದ ಶುರುವಾದ ಹಿಂಡು ಅದು. 1542ರಲ್ಲಿ ಅವನು ಮಿಸಿಸಿಪ್ಪಿ ದಡದಲ್ಲಿ ಸತ್ತಾಗ ಅವನ ಆಸ್ತಿ ಹರಾಜಾಯಿತು. ಅದರಲ್ಲಿ ಸುಮಾರು 700 ಹಂದಿಗಳಿದ್ದವು! ದಾರಿಯಲ್ಲಿ ತಪ್ಪಿಸಿಕೊಂಡವೂ, ತಿಂದು ಮುಗಿಸಿದವೂ ಈ ಲೆಕ್ಕದಲ್ಲಿಲ್ಲ.

ಕ್ಯಾಲಿಫೋರ್ನಿಯಾಕ್ಕೆ ಹಂದಿ ಬಂದದ್ದು 1769ರ ನಂತರ, ಸ್ಪೇನಿನ ಪಾದ್ರಿಗಳ ಜೊತೆ. ಓಕ್ ಮರದ ಕಾಯಿ ಉದುರುವ ಕಾಲಕ್ಕೆ ಮೇಯಲು ಬಿಡುತ್ತಿದ್ದರು. ಕೆಲವು ವಾಪಸು ಬರಲಿಲ್ಲ. ಇಷ್ಟಾದರೂ ಅವು ಕಾಡು ಸೇರಿದ ಊರಹಂದಿಗಳು ಅಷ್ಟೆ. ನಿಜವಾದ ಕಾಡುಹಂದಿ, ಕೋರೆ ಮಸೆಯುವ ಯುರೋಪಿನ ತಳಿ ಬಂದದ್ದು ಮೋಜಿಗಾಗಿ, ಜಾರ್ಜ್ ಗೋರ್ಡನ್ ಮೂರ್ ಎಂಬ ಸಾಹುಕಾರನಿಂದ. 1912ರಲ್ಲಿ ಅವನು ನಾರ್ತ್ ಕ್ಯಾರೊಲಿನಾದ ಹೂಪರ್ ಬಾಲ್ಡ್ ಎಂಬ ಬೆಟ್ಟದ ಮೇಲೆ ಶಿಕಾರಿ ತೋಟ ಮಾಡಿ, ಮರದ ಬೇಲಿ ಹಾಕಿ, ಒಳಗೆ ಕಾಡುಹಂದಿ ಬಿಟ್ಟ. ಹಂದಿಗೆ ಮರದ ಬೇಲಿ! ನಮ್ಮೂರಿನ ಯಾವ ರೈತನನ್ನು ಕೇಳಿದ್ದರೂ ಬುದ್ಧಿ ಹೇಳುತ್ತಿದ್ದ. ಕೆಲವು ವರ್ಷದಲ್ಲಿ ಹಂದಿಗಳು ಬೇಲಿ ನುಗ್ಗಿ ಹೊರಬಿದ್ದವು, ಪಕ್ಕದ ಟೆನ್ನೆಸ್ಸಿಯನ್ನೂ ಸೇರಿದವು. ಮೂರ್ ಬುದ್ಧಿ ಕಲಿಯುವ ಆಸಾಮಿಯಲ್ಲ. 1920ರ ದಶಕದ ಮಧ್ಯದಲ್ಲಿ ಅದೇ ತಳಿಯ ಕೆಲವು ಹಂದಿಗಳನ್ನು ಕ್ಯಾಲಿಫೋರ್ನಿಯಾದ ಮಾಂಟೆರೆ ಕಡೆಗೆ, ಕಾರ್ಮೆಲ್ ಕಣಿವೆಯ ತನ್ನ ಜಮೀನಿಗೆ ಸಾಗಿಸಿದ. ಅವು ಪಾದ್ರಿಗಳ ಕಾಲದ ಹಂದಿಗಳ ಜೊತೆ ಬೆರೆತವು. ಅಕ್ಕನ ಮಗನ ಹುಲ್ಲು ಕಿತ್ತದ್ದು ಈ ಬೆರಕೆಯ ವಂಶವೇ ಇರಬೇಕು.

ಅತ್ತ ಹಂದಿ ಬಿಡುತ್ತಿದ್ದ ಅದೇ ಕಾಲದಲ್ಲಿ ಇತ್ತ ಪ್ಯೂಮಾದ ತಲೆಗೆ ಸರ್ಕಾರದ ಇನಾಮು ಇತ್ತು. 1907ರಿಂದ 1963ರವರೆಗೆ ಕ್ಯಾಲಿಫೋರ್ನಿಯಾ ಒಂದರಲ್ಲೇ 12,462 ಪ್ಯೂಮಾಗಳಿಗೆ ಇನಾಮು ಸಂದಾಯವಾಗಿದೆ. ಮರಿ ಹಾಕುವ ಸಂತಾನವೇ ನಿಲ್ಲಲಿ ಅಂತ ಹೆಣ್ಣಿಗೆ ಹೆಚ್ಚು ದುಡ್ಡು. ಜೇ ಬ್ರೂಸ್ ಅನ್ನುವವನು ಸರ್ಕಾರದ ಸಂಬಳದ ಬೇಟೆಗಾರ. ನಾಯಿ ಕಟ್ಟಿಕೊಂಡು ಸುಮಾರು ಮೂರು ದಶಕದಲ್ಲಿ ಏಳುನೂರರ ಹತ್ತಿರ ಪ್ಯೂಮಾ ಕೊಂದ. ಹಂದಿಯನ್ನು ಹೊಡೆದು ಹಾಕಬಲ್ಲ ಗ್ರಿಜ್ಲಿ ಕರಡಿ ಅಷ್ಟರಲ್ಲಿ ಆ ರಾಜ್ಯದಲ್ಲಿ ನಿರ್ನಾಮವಾಗಿತ್ತು. 1911ರಿಂದ ಅದು ರಾಜ್ಯದ ಬಾವುಟದ ಮೇಲೆ ಮಾತ್ರ ಭದ್ರವಾಗಿ ನಿಂತಿದೆ.

ನಮ್ಮವರೇನೂ ಕಡಿಮೆಯಲ್ಲ ಬಿಡಿ. 1875ರಿಂದ 1925ರವರೆಗಿನ ಐವತ್ತು ವರ್ಷದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಇನಾಮಿಗಾಗಿ 80,000ಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆ ಸತ್ತವು ಅಂತ ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಕಾಕತಾಳೀಯವೋ ಏನೋ, ಎರಡೂ ಕಡೆ ಗಾಳಿ ತಿರುಗಿದ್ದು ಒಂದೇ ವರ್ಷ. 1972ರಲ್ಲಿ ಇಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿ ರೊನಾಲ್ಡ್ ರೇಗನ್ ಗವರ್ನರ್ ಆಗಿದ್ದಾಗ ಪ್ಯೂಮಾ ಶಿಕಾರಿಗೆ ತಾತ್ಕಾಲಿಕ ತಡೆ ಬಂತು. 1990ರಲ್ಲಿ ಜನರೇ ಓಟು ಹಾಕಿ ಅದನ್ನು ಕಾಯಂ ಮಾಡಿದರು. 1994ರಲ್ಲಿ ಪ್ಯೂಮಾ ದಾಳಿಗೆ ಇಬ್ಬರು ಹೆಂಗಸರು ಬಲಿಯಾದಾಗ, ರಕ್ಷಣೆ ತೆಗೆಯಬೇಕೆಂಬ ಕೂಗು ಎದ್ದು 1996ರಲ್ಲಿ ಮತ್ತೆ ಓಟಿಗೆ ಬಂತು. ಜನ ಒಪ್ಪಲಿಲ್ಲ. ಮುಂಬಯಿಯಲ್ಲಿ, ಬೊರಿವಲಿ ನ್ಯಾಶನಲ್ ಪಾರ್ಕಿನ ಅಂಚಿನಲ್ಲಿ 2004ರಲ್ಲಿ ಚಿರತೆ ದಾಳಿಗಳಾದಾಗ ಇಲ್ಲಿನ ರೈಲಿನ ಡಬ್ಬಿಗಳಲ್ಲಿ ನಡೆದ ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. ಅವತ್ತು ಇಲ್ಲಿ ಓಟು ಹಾಕಿಸಿದ್ದರೆ ಚಿರತೆಯ ಗತಿ ಏನಾಗುತ್ತಿತ್ತೋ!

ಹಂದಿಯ ವಿಷಯಕ್ಕೆ ಬರೋಣ. 1957ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಶಿಕಾರಿ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ನನ್ನ ಪ್ರಕಾರ ಕತೆಯ ಕೀಲು ಇಲ್ಲೇ ಇರುವುದು. ಅಲ್ಲಿಯತನಕ ಪೀಡೆಯಾಗಿದ್ದದ್ದು ಈಗ ಬೆಲೆಯುಳ್ಳ ಮಿಕವಾಯಿತು. ತಮ್ಮ ಜಮೀನಿನಲ್ಲಿ ಶಿಕಾರಿ ಮಾಡಿಸಿ ದುಡ್ಡು ಪಡೆಯುವವರು ಹುಟ್ಟಿಕೊಂಡರು. ಇಲ್ಲದ ಕಡೆಗೂ ಹಂದಿ ಒಯ್ದು ಬಿಟ್ಟರು. ಕರಾವಳಿಯ ಕೆಲವೇ ಕೌಂಟಿಗಳಲ್ಲಿದ್ದ ಹಂದಿ 58ರಲ್ಲಿ 56 ಕೌಂಟಿಗಳನ್ನು ಮುಟ್ಟಿತು. ಹಂದಿ ನಡೆದು ಹೋಗುವ ವೇಗಕ್ಕಿಂತ ಟ್ರಕ್ಕಿನ ವೇಗ ಜಾಸ್ತಿ ಅಲ್ಲವೆ?

ಇದು ಬರೀ ಊಹೆಯೇ ಅನ್ನುವವರು ಟೆನ್ನೆಸ್ಸಿಯನ್ನು ನೋಡಬೇಕು. ಮೂರ್‌ನ ಬೇಲಿ ಮುರಿದ ಹಂದಿಗಳ ಸಂತತಿ ದಶಕಗಟ್ಟಲೆ ಅಲ್ಲಿನ ಬೆರಳೆಣಿಕೆಯ ಕೌಂಟಿಗಳಲ್ಲೇ ಇತ್ತು. 1999ರಲ್ಲಿ ಹಂದಿ ಕಡಿಮೆಯಾಗಲಿ ಅಂತ ಇಡೀ ರಾಜ್ಯದಲ್ಲಿ ಮಿತಿಯಿಲ್ಲದ ಶಿಕಾರಿಗೆ ಅನುಮತಿ ಕೊಟ್ಟರು. 2011ರ ಹೊತ್ತಿಗೆ 95ರಲ್ಲಿ ಸುಮಾರು 80 ಕೌಂಟಿಗಳಲ್ಲಿ ಹಂದಿ! ಶಿಕಾರಿ ಆಸೆಗೆ ಜನರೇ ಹೊಸ ಹೊಸ ಜಾಗದಲ್ಲಿ ಬಿಟ್ಟಿದ್ದರು. ಸರ್ಕಾರ ಅದೇ ವರ್ಷ ಹಂದಿಯನ್ನು ಶಿಕಾರಿ ಪಟ್ಟಿಯಿಂದ ಕಿತ್ತುಹಾಕಿತು. ಕ್ಯಾನ್ಸಸ್ ಜಾಣತನ ಮಾಡಿ 2006ರಲ್ಲೇ ಮೋಜಿನ ಹಂದಿ ಶಿಕಾರಿ ನಿಷೇಧಿಸಿ, ಸರ್ಕಾರಿ ಸಿಬ್ಬಂದಿಯಿಂದ ಹಿಂಡಿಗೆ ಹಿಂಡೇ ಹಿಡಿಸಿತು. ಅಲ್ಲಿ ಹಂದಿ ಹತೋಟಿಯಲ್ಲಿದೆ.

ಹಂದಿಯಿಂದಾದ ನಷ್ಟ ಹುಲ್ಲು, ಬೆಳೆಗೆ ನಿಲ್ಲಲಿಲ್ಲ. 2006ರಲ್ಲಿ ಕ್ಯಾಲಿಫೋರ್ನಿಯಾದ ಪಾಲಕ್ ತಿಂದು ಸುಮಾರು 200 ಮಂದಿ ಕಾಯಿಲೆ ಬಿದ್ದರು, ಕೆಲವರು ಸತ್ತರು. ಸ್ಯಾನ್ ಬೆನಿಟೊ ಕೌಂಟಿಯ ಹೊಲದ ಹತ್ತಿರ ಹಿಡಿದ ಕಾಡುಹಂದಿಗಳಲ್ಲೂ ಅಲ್ಲಿನ ದನಗಳಲ್ಲೂ ಅದೇ ಇ-ಕೋಲೈ ತಳಿ ಸಿಕ್ಕಿತು. ಇನ್ನು ಕಾಂಡೋರ್ ಹದ್ದು. ವರ್ಷವಿಡೀ ಹಂದಿ ಶಿಕಾರಿ ನಡೆಯುವುದರಿಂದ ಗುಡ್ಡದಲ್ಲಿ ಬಿಟ್ಟು ಹೋದ ಕರುಳು-ಮಾಂಸಕ್ಕೆ ಕೊರತೆಯಿಲ್ಲ. ಅದರೊಳಗಿನ ಸೀಸದ ಗುಂಡಿನ ಚೂರು ನುಂಗಿ, ಅಳಿವಿನಂಚಿನ ಆ ಹಕ್ಕಿಗಳು ಸತ್ತವು. 2008ರಲ್ಲಿ ಕಾಂಡೋರ್ ಇರುವ ಪ್ರದೇಶದಲ್ಲಿ, 2019ರಲ್ಲಿ ಇಡೀ ಕ್ಯಾಲಿಫೋರ್ನಿಯಾದಲ್ಲಿ ಶಿಕಾರಿಗೆ ಸೀಸದ ಗುಂಡು ನಿಷೇಧವಾಯಿತು.

ಹಾಗಾದರೆ ಪ್ಯೂಮಾವೇ ಹಂದಿಯನ್ನು ನೋಡಿಕೊಳ್ಳಲಿ ಅನ್ನಬಹುದೆ? ಫ್ಲೋರಿಡಾದ ಪ್ಯಾಂಥರ್‌ಗಳಿಗೆ ಜಿಂಕೆಯಂತೆಯೇ ಹಂದಿಯೂ ಮುಖ್ಯ ಆಹಾರ. 1990ರ ದಶಕದಲ್ಲಿ 20-30ಕ್ಕೆ ಇಳಿದಿದ್ದ ಅವುಗಳಿಗೆ ಹೊಸ ರಕ್ತ ಸಿಗಲೆಂದು 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾ ತಂದು ಬಿಟ್ಟರು. ಈಗ 120ರಿಂದ 230 ಇವೆ ಅಂತ ಅಂದಾಜು. ಡಿ ಸೋಟೊ ತಂದ ಪ್ರಾಣಿಯೇ ಅವನ್ನು ಸಾಕಿತು ಅಂದರೂ ತಪ್ಪಿಲ್ಲ, ಹಂದಿಯಿಂದ ಅಂಟಿದ ರೋಗಕ್ಕೆ ಸತ್ತವೂ ಇವೆ. ಕ್ಯಾಲಿಫೋರ್ನಿಯಾದ ಪ್ಯೂಮಾಕ್ಕೆ ಮಾತ್ರ ಜಿಂಕೆಯೇ ಇಷ್ಟ. ಹಂದಿ ಸಿಕ್ಕರೆ, ಅದರಲ್ಲೂ ಮರಿ ಸಿಕ್ಕರೆ ಬಿಡುವುದಿಲ್ಲ ಅಷ್ಟೆ. ಲೆಕ್ಕವೂ ಅದರ ಪರವಾಗಿಲ್ಲ. ಹೆಣ್ಣು ಹಂದಿ ವರ್ಷ ತುಂಬುವ ಮೊದಲೇ ಗಬ್ಬವಾಗುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ಪ್ಯೂಮಾ ಎರಡು ಮೂರು ಮರಿ ಹಾಕಿ ವರ್ಷಕ್ಕೂ ಹೆಚ್ಚು ಕಾಲ ಜೊತೆಗಿಟ್ಟುಕೊಂಡು ಸಾಕುತ್ತದೆ.

2024ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಯುವಕ ಪ್ಯೂಮಾ ದಾಳಿಗೆ ಬಲಿಯಾದ. ಆ ರಾಜ್ಯದಲ್ಲಿ ಇಪ್ಪತ್ತು ವರ್ಷಗಳಲ್ಲಿ ಅಂಥ ಮೊದಲ ಸಾವು. ಅದೇ ವರ್ಷ ಜುಲೈನಿಂದ ಹಂದಿಗೆ ಹೊಸ ಕಾನೂನು ಜಾರಿಗೆ ಬಂತು. ಮೊದಲು ಹಂದಿಗೊಂದು ಟ್ಯಾಗ್ ಕೊಳ್ಳಬೇಕಿತ್ತು, ಈಗ ಒಂದೇ ಪರವಾನಗಿಯಲ್ಲಿ ಎಷ್ಟಾದರೂ ಹೊಡೆಯಬಹುದು. ಜೊತೆಗೆ, ಬೇಕೆಂದೇ ಹಂದಿಯನ್ನು ಕಾಡಿಗೆ ಬಿಡುವುದು ಅಪರಾಧ ಅಂತ ಬರೆದರು. ಮೂರ್ ಸಾಹೇಬ ಹಂದಿ ತಂದು ಬಿಟ್ಟು ಆಗಲೇ ನೂರು ವರ್ಷವಾಗುತ್ತಾ ಬಂದಿತ್ತು.