ಚಲನೆಯ ಪಾಠಶೋಧನೆ

ಓಲೆಗರಿಯ ಗ್ರಂಥವನ್ನು ಅಚ್ಚಿಗೆ ಅಣಿಗೊಳಿಸುವವರಿಗೆ ಮೂರು ವಿಘ್ನಗಳು ತಪ್ಪವು. ಹುಳು ತಿಂದೆಡೆ ಅಕ್ಷರಲೋಪ. ಲಿಪಿಕಾರನ ಕೈತಪ್ಪಿನಿಂದ ಅಕ್ಷರಗಳ ಪಲ್ಲಟ. ಮೂಲದಲ್ಲಿಲ್ಲದ ಮಾತಿನ ಪ್ರಕ್ಷೇಪ. ತಳಕಿನ ತ. ಸು. ವೆಂಕಣ್ಣಯ್ಯನವರೇ (1885–1939) ಮೊದಲಾದ ವಿದ್ವಾಂಸರು ಪ್ರಾಚೀನ ಕನ್ನಡ ಕಾವ್ಯಗಳನ್ನು ಸಂಪಾದಿಸುವಾಗ ಇವುಗಳೊಡನೆಯೇ ಸೆಣಸಬೇಕಾಯಿತು. ಮನುಷ್ಯನ ನಡೆ, ಓಟ, ನೃತ್ಯಗಳನ್ನು ಯಂತ್ರದಿಂದ ಅಂಕಿಗಳಾಗಿ ಬರೆದಿಡುವ ಚಲನಗ್ರಹಣ ವಿದ್ಯೆಯಲ್ಲಿಯೂ ಇವೇ ಮೂರು ದೋಷಗಳು ಕಾಣಬರುವುದು ವಿಚಾರಾರ್ಹವಾಗಿದೆ.

ಈ ವಿದ್ಯೆಯ ಮೂಲವು ಛಾಯಾಚಿತ್ರದಲ್ಲಿರುವುದು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬಾತನು ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ ಓಡುವ ಕುದುರೆಯ ಚಿತ್ರಗಳನ್ನು ತೆಗೆದನು. ಫ್ರಾನ್ಸಿನ ಮಾರೆ ಎಂಬ ಶರೀರಶಾಸ್ತ್ರಜ್ಞನು ಒಂದೇ ಫಲಕದ ಮೇಲೆ ಅನೇಕ ಭಂಗಿಗಳನ್ನು ಮೂಡಿಸಿದಾಗ ಅವು ಒಂದರಮೇಲೊಂದು ಬಿದ್ದು ಕಲಸಿಹೋದುವು. ಆದುದರಿಂದ ಆತನು ನಡೆಯುವವನಿಗೆ ಕರಿಯ ಉಡುಪನ್ನು ತೊಡಿಸಿ, ಕೈಕಾಲುಗಳುದ್ದಕ್ಕೂ ಬಿಳಿಯ ಗೆರೆಗಳನ್ನು ಹಚ್ಚಿಸಿದನು. ದೇಹವು ಮರೆಯಾಗಿ ಚಲನೆಯೊಂದೇ ಉಳಿಯಿತು. ಚಲನೆಯ ಶೋಧನೆಗೆ ಇದೇ ನಾಂದಿಯೆನ್ನಬಹುದು.

ಈಗ ಬಿಳಿಯ ಗೆರೆಗಳ ಸ್ಥಾನದಲ್ಲಿ ಬೆಳಕನ್ನು ಮರಳಿಸುವ ಸಣ್ಣ ಗುಂಡುಗಳಿವೆ. ಸುತ್ತಲಿನ ಕ್ಯಾಮರಾಗಳು ಅವುಗಳ ಸ್ಥಾನವನ್ನು ಸೆಕೆಂಡಿಗೆ ನೂರು ಸಲವೋ ಅದಕ್ಕೂ ಹೆಚ್ಚಾಗಿಯೋ ದಾಖಲಿಸುವುವು. ತೋಳು ಅಡ್ಡ ಬಂದರೆ ಗುಂಡು ಮರೆಯಾಗಿ ಲೋಪವುಂಟಾಗುವುದು. ಎರಡು ಗುಂಡುಗಳು ಸಮೀಪಿಸಿದರೆ ಅವುಗಳ ಹೆಸರು ಪಲ್ಲಟವಾಗುವುದು. ಬೇರೆಲ್ಲಿಂದಲೋ ಹೊಳೆದ ಬೆಳಕು ಗುಂಡಿನಂತೆ ತೋರಿ ಪ್ರಕ್ಷೇಪವಾಗುವುದು. ಅಂಕಿಗಳ ರಾಶಿಯಲ್ಲಿ ಇವನ್ನು ಹುಡುಕುವುದು ದುಸ್ಸಾಧ್ಯ. ಅದಕ್ಕಾಗಿ ಕಂಪ್ಯೂಟರಿನ ಪರದೆಯ ಮೇಲೆ ಅಡ್ಡಲಾಗಿ ಕಾಲವನ್ನೂ ನೆಟ್ಟಗೆ ಸ್ಥಾನವನ್ನೂ ಇಟ್ಟು, ಒಂದೊಂದು ಗುಂಡಿಗೂ ಒಂದೊಂದು ರೇಖೆಯನ್ನೆಳೆಯುವ ಸಾಧನವುಂಟು. ರೇಖೆ ಕಡಿದೆಡೆ ಲೋಪ. ಎರಡು ರೇಖೆಗಳು ಥಟ್ಟನೆ ದಾರಿ ಬದಲಿಸಿದೆಡೆ ಪಲ್ಲಟ. ಒಂಟಿ ಮುಳ್ಳಿನಂತೆ ಎದ್ದೆಡೆ ಪ್ರಕ್ಷೇಪ. ಶೋಧಕನು ಮುಳ್ಳನ್ನು ಕಿತ್ತು, ಹೆಸರನ್ನು ಸರಿಪಡಿಸಿ, ಇಕ್ಕೆಲದ ಬಾಗನ್ನನುಸರಿಸಿ ಬಿರುಕನ್ನು ಬೆಸೆಯುವನು. ಕೊನೆಗೆ ರೇಖೆಯ ಸಣ್ಣ ಕಂಪನಗಳನ್ನು ನಯಗೊಳಿಸುವನು.

ಅಪಾಯವಿರುವುದು ಈ ಕಡೆಯ ಹೆಜ್ಜೆಯಲ್ಲಿ. ಕೆನಡಾದ ವಿಂಟರ್ ಮತ್ತು ಸಂಗಡಿಗರು 1974ರಲ್ಲಿ ನಡಿಗೆಯ ಮಾಪನದಲ್ಲಿ ಸೇರುವ ದೋಷಗಳನ್ನು ಪರೀಕ್ಷಿಸಿದರು. ಸಹಜವಾದ ನಡಿಗೆಯ ಸತ್ತ್ವವೆಲ್ಲ ಮಂದವಾದ ಏರಿಳಿತಗಳಲ್ಲಿಯೇ ಇರುವುದರಿಂದ ಅದರಲ್ಲಿ ಶೀಘ್ರ ಕಂಪನಗಳನ್ನು ಕಳೆಯುವುದು ಯುಕ್ತವೇ ಸರಿ. ಆದರೆ ಪಾರ್ಕಿನ್ಸನ್ ವ್ಯಾಧಿಯಿಂದ ಬಳಲುವವರ ಕೈ ಸೆಕೆಂಡಿಗೆ ಸುಮಾರು ನಾಲ್ಕರಿಂದ ಆರು ಸಲ ನಡುಗುವುದು. ನಯಗೊಳಿಸುವ ಕೈ ಮಿತಿಮೀರಿದರೆ ಆ ನಡುಕವೇ ಅಳಿಸಿಹೋಗಿ, ರೋಗಿಯು ಆರೋಗ್ಯವಂತನಂತೆ ತೋರುವನು. ವೀರಗಾಸೆಯ ಕುಣಿತದಲ್ಲಿ ಹೆಜ್ಜೆಯು ನೆಲಕ್ಕಪ್ಪಳಿಸುವ ಕ್ಷಣವೂ ರೇಖೆಯಲ್ಲಿ ಮುಳ್ಳಿನಂತೆಯೇ ಕಾಣುವುದು. ಅದನ್ನು ಸವೆಯಿಸಿದರೆ ಕುಣಿತ ಉಳಿದು ಆವೇಶ ಅಳಿಯುವುದು.

ಆದುದರಿಂದ ಗ್ರಂಥಸಂಪಾದಕರ ಶಿಸ್ತು ಇಲ್ಲಿಯೂ ಗ್ರಾಹ್ಯವಾದುದು. ಅವರು ಊಹಿಸಿ ತುಂಬಿದ ಅಕ್ಷರವನ್ನು ಕಂಸದಲ್ಲಿಡುವರು. ಕೈಬಿಟ್ಟ ಪಾಠವನ್ನು ಪುಟದಡಿಯಲ್ಲಿ ಕಾಣಿಸುವರು. ಮೂಲಪ್ರತಿಯನ್ನು ಮಾತ್ರ ತಿದ್ದರು. ಚಲನೆಯ ಶೋಧಕನೂ ಮೊದಲ ದಾಖಲೆಯನ್ನು ಹಾಗೆಯೇ ಕಾದಿಟ್ಟು, ಎಲ್ಲಿ ಬೆಸೆದೆ, ಎಲ್ಲಿ ಕಿತ್ತೆ, ಎಷ್ಟು ನಯಗೊಳಿಸಿದೆ ಎಂಬುದನ್ನು ಬರೆದಿಡತಕ್ಕದ್ದು. ಹಾಗಿದ್ದಲ್ಲಿ ಒಬ್ಬನ ತಪ್ಪೂಹೆಯನ್ನು ಮುಂದಿನವನು ತಿದ್ದಬಲ್ಲನು. ಇಲ್ಲವಾದರೆ ನರ್ತಕನ ಹೆಜ್ಜೆ ಯಾವುದು, ತಿದ್ದಿದವನ ರೇಖೆ ಯಾವುದು ಎಂದು ಬೇರ್ಪಡಿಸಲು ಯಾರಿಂದಲೂ ಆಗದು.