ಐವತ್ತರ ಹೊಸ್ತಿಲಲ್ಲಿ ಗಾಲ್ಫ್: ಹವ್ಯಾಸಿಗಳು ವೃತ್ತಿಪರರಾದ ಚರಿತ್ರೆ

ಕಳೆದ ದೀಪಾವಳಿಯ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕೂಟದ ಬಹುಕಾಲದ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ವೈದ್ಯರಾದವರಿಗೆ ಇಂಥ ಸಾಲುಗಳಲ್ಲಿ ಎದುರಾಗುವ ಪ್ರಶ್ನೆಗಳು ಸಾಮಾನ್ಯವಾಗಿ ಸಕ್ಕರೆ ಕಾಯಿಲೆಗೋ ಮಂಡಿನೋವಿಗೋ ಸಂಬಂಧಿಸಿದವು. ಇವರ ಪ್ರಶ್ನೆ ಬೇರೆಯಾಗಿತ್ತು.

"ಡಾಕ್ಟ್ರೇ, ಬರೋ ಮಾರ್ಚಿಗೆ ನನಗೆ ಐವತ್ತು ತುಂಬುತ್ತೆ. ಗಾಲ್ಫಿನ ಸೀನಿಯರ್ ಟೂರ್‌ಗೆ ಪ್ರಯತ್ನ ಮಾಡೋಣ ಅಂತಿದ್ದೀನಿ. ಕೆಲಸ ಬಿಡೋ ಯೋಚನೆ ಇದೆ. ನನ್ನ ಬೆನ್ನು ತಡಕೊಳ್ಳುತ್ತಾ, ಒಂದ್ಸಲ ನೋಡಿ ಹೇಳಿ. ಮನೇಲಿ ಇನ್ನೂ ಹೇಳಿಲ್ಲ."

ಅವರ ಪತ್ನಿ ನಮಗಿಂತ ನಾಲ್ಕು ಜನ ಮುಂದೆ, ಬಿಸಿಬೇಳೆಬಾತಿನ ಪಾತ್ರೆಯ ಬಳಿ ನಿಂತಿದ್ದರು. ಮಗ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾನೆ. ಮನೆಯ ಸಾಲ ಇನ್ನೂ ಹನ್ನೊಂದು ವರ್ಷವಿದೆ. ಅವರ ಹ್ಯಾಂಡಿಕ್ಯಾಪ್ 2. ಗಾಲ್ಫ್ ಆಡುವ ಸದಸ್ಯರಿಗೆ ಇದು ಎಂಥ ಸಾಧನೆಯೆಂದು ವಿವರಿಸಬೇಕಿಲ್ಲ. ಆಡದವರು, ಕೂಟದಲ್ಲಿ ಇನ್ನಾರೂ ಅದರ ಹತ್ತಿರಕ್ಕೆ ಸುಳಿದಿಲ್ಲವೆಂದು ತಿಳಿದರೆ ಸಾಕು. ಬೆನ್ನನ್ನು ಪರೀಕ್ಷಿಸುವುದು ಸುಲಭದ ಕೆಲಸ. ಪ್ರಶ್ನೆಯ ಉಳಿದ ಭಾಗಕ್ಕೆ ಉತ್ತರ ಹುಡುಕಲು ನಾವು ಚಳಿಗಾಲವಿಡೀ ಈ ಆಟದ ಚರಿತ್ರೆಯನ್ನು ಓದಬೇಕಾಯಿತು. ಆ ಓದಿನ ಫಲವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಇಂದು 'ಹವ್ಯಾಸಿ' ಎಂದರೆ ಅಷ್ಟೇನೂ ಬಲ್ಲವನಲ್ಲ ಎಂಬ ಧ್ವನಿ ಹೊರಡುತ್ತದೆ. ನೂರು ವರ್ಷಗಳ ಹಿಂದೆ ಗಾಲ್ಫಿನಲ್ಲಿ ಇದು ತಿರುವುಮುರುವಾಗಿತ್ತು. ಹವ್ಯಾಸಿಯೆಂದರೆ ಗೌರವಸ್ಥ, ಹಣಕ್ಕಾಗಿ ಆಡುವವನು ಕೂಲಿಯವನಿಗೆ ಸಮಾನ. 1920ರಲ್ಲಿ ಇಂಗ್ಲೆಂಡಿನ ಡೀಲ್ ಎಂಬಲ್ಲಿ ಓಪನ್ ಪಂದ್ಯಾವಳಿ ನಡೆದಾಗ ಅಮೆರಿಕದ ವಾಲ್ಟರ್ ಹೇಗನ್ ಅವರಿಗೆ ಕ್ಲಬ್ಬಿನ ಕಟ್ಟಡದೊಳಗೆ ಪ್ರವೇಶವಿರಲಿಲ್ಲ, ಏಕೆಂದರೆ ಅವರು ವೃತ್ತಿಪರರು. ಅವರು ದುಬಾರಿ ಮೋಟಾರು ಕಾರೊಂದನ್ನು ಬಾಡಿಗೆಗೆ ತಂದು, ಅದನ್ನು ಕ್ಲಬ್ಬಿನ ಮುಂದೆಯೇ ನಿಲ್ಲಿಸಿ, ಅದರೊಳಗೆ ಬಟ್ಟೆ ಬದಲಾಯಿಸಿದರು. ಅದೇ ವರ್ಷ ಅಮೆರಿಕದ ಟೊಲೆಡೊ ನಗರದ ಇನ್ವರ್ನೆಸ್ ಕ್ಲಬ್ ಯು.ಎಸ್. ಓಪನ್ ವೇಳೆ ವೃತ್ತಿಪರರಿಗೂ ಬಾಗಿಲು ತೆರೆಯಿತು. ಕೃತಜ್ಞತೆಯಿಂದ ಆಟಗಾರರು ಹಣ ಕೂಡಿಸಿ ಕೊಟ್ಟ ಎತ್ತರದ ಗಡಿಯಾರ ಆ ಕ್ಲಬ್ಬಿನಲ್ಲಿ ಇದೆ.

ಆಟದ ಬಲದಲ್ಲಿಯೂ ಹವ್ಯಾಸಿಗಳು ಹಿಂದುಳಿದಿರಲಿಲ್ಲ. 1913ರಲ್ಲಿ 20 ವರ್ಷದ ಹವ್ಯಾಸಿ ಫ್ರಾನ್ಸಿಸ್ ವೀಮೆಟ್, ಬ್ರಿಟನ್ನಿನ ಇಬ್ಬರು ದಿಗ್ಗಜರನ್ನು ಸೋಲಿಸಿ ಯು.ಎಸ್. ಓಪನ್ ಗೆದ್ದರು, ಅವರ ಬ್ಯಾಗು ಹೊತ್ತ ಹುಡುಗನಿಗೆ ಹತ್ತೇ ವರ್ಷ. ಬಾಬಿ ಜೋನ್ಸ್ 1930ರಲ್ಲಿ ಒಂದೇ ಋತುವಿನಲ್ಲಿ ನಾಲ್ಕು ಮಹಾಪ್ರಶಸ್ತಿಗಳನ್ನು ಗೆದ್ದು, 28ನೆಯ ವಯಸ್ಸಿಗೆ ಪಂದ್ಯಗಳಿಂದ ನಿವೃತ್ತರಾದರು. ಅವರ ವೃತ್ತಿ ವಕೀಲಿಕೆ. ಯು.ಎಸ್. ಓಪನ್ ಗೆದ್ದ ಕೊನೆಯ ಹವ್ಯಾಸಿ 1933ರ ಜಾನಿ ಗುಡ್‌ಮನ್. ಆ ಬಳಿಕ ಹಣವು ವೃತ್ತಿಪರರ ಕಡೆಗೆ ಹರಿಯಿತು, ಪ್ರತಿಭೆಯೂ ಅದರ ಬೆನ್ನು ಹಿಡಿದು ಹೋಯಿತು.

ವಯಸ್ಸಾದವರಿಗೆಂದೇ ಪಂದ್ಯ ನಡೆಸುವ ಆಲೋಚನೆಯ ಹಿಂದೆಯೂ ಜೋನ್ಸ್ ಇದ್ದರು. ಹಿರಿಯ ವೃತ್ತಿಪರರ ಮೊದಲ ಚಾಂಪಿಯನ್‌ಶಿಪ್ 1937ರಲ್ಲಿ ಅವರ ಆಹ್ವಾನದ ಮೇರೆಗೆ ಆಗಸ್ಟಾ ನ್ಯಾಷನಲ್ ಮೈದಾನದಲ್ಲಿ ನಡೆಯಿತು. ಜಾಕ್ ಹಚಿಸನ್ ಗೆದ್ದರು. ಆದರೆ ನಾಲ್ಕು ದಶಕಗಳ ಕಾಲ ಅದು ಹಳೆಯ ಮಿತ್ರರ ಸಮಾಗಮಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅದಕ್ಕೆ ಪೇಟೆಯಿದೆಯೆಂದು ಮೊದಲು ಕಂಡುಕೊಂಡವರು ಆಟಗಾರರಲ್ಲ, ಫ್ರೆಡ್ ರ‍್ಯಾಫೆಲ್ ಎಂಬ ದೂರದರ್ಶನ ನಿರ್ಮಾಪಕರು. 1978ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಅವರು ಹಳೆಯ ಹುಲಿಗಳನ್ನು ಜೋಡಿಜೋಡಿಯಾಗಿ ಆಡಿಸಿದರು. ಮರುವರ್ಷ ಎರಡು ಜೋಡಿಗಳು ಸಮ ಅಂಕ ಗಳಿಸಿ ಆರು ಹೆಚ್ಚುವರಿ ಕುಳಿಗಳವರೆಗೆ ಹೋರಾಡಿದಾಗ, ಐವತ್ತು ದಾಟಿದವರ ಆಟವನ್ನೂ ಜನ ಕುಳಿತು ನೋಡುತ್ತಾರೆಂಬುದು ಸಾಬೀತಾಯಿತು. 1980ರಲ್ಲಿ ಸೀನಿಯರ್ ಟೂರ್ ಆರಂಭವಾಯಿತು. ಆ ವರ್ಷ ನಡೆದದ್ದು ಎರಡೇ ಪಂದ್ಯಾವಳಿ. ಆರ್ನಲ್ಡ್ ಪಾಮರ್ ಅವರಿಗೆ ಹಿಂದಿನ ವರ್ಷವಷ್ಟೇ 50 ತುಂಬಿತ್ತು. ಅವರಂಥವರು ಆಗ ಸಿದ್ಧರಾಗಿರದಿದ್ದರೆ ಈ ಟೂರ್ ಎರಡನೆಯ ವರ್ಷವನ್ನು ಕಾಣುತ್ತಿತ್ತೇ ಎಂಬುದು ನಮ್ಮ ಸಂಶಯ.

ಅದೇ 1980ರಲ್ಲಿ ಮೊದಲ ಯು.ಎಸ್. ಸೀನಿಯರ್ ಓಪನ್ ವಿಂಗ್ಡ್ ಫುಟ್ ಕ್ಲಬ್ಬಿನಲ್ಲಿ ನಡೆಯಿತು. ಆಗ ಕನಿಷ್ಠ ವಯಸ್ಸು 55. ಗೆದ್ದವರು ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ. ನಾಲ್ಕು ಹೊಡೆತಗಳ ಅಂತರದಲ್ಲಿ ಎರಡನೆಯವರಾಗಿ ಬಂದವರು ವಿಲಿಯಂ ಕ್ಯಾಂಪ್‌ಬೆಲ್. ವೆಸ್ಟ್ ವರ್ಜೀನಿಯಾದ ವಿಮಾ ವ್ಯವಹಾರಸ್ಥರು, 57 ವರ್ಷದವರು, ಜೀವನದಲ್ಲಿ ಎಂದೂ ವೃತ್ತಿಪರರಾಗದವರು. ಇದನ್ನು ಓದಿದಾಗ ನಮ್ಮ ಮಿತ್ರರ ಕನಸು ಅಷ್ಟೇನೂ ಅಸಂಬದ್ಧವಲ್ಲವೆಂದು ನಮಗನಿಸಿತು. ಮರುವರ್ಷ ವಯೋಮಿತಿಯನ್ನು 50ಕ್ಕೆ ಇಳಿಸಿದರು. ಆ ವರ್ಷವೇ ಪಾಮರ್ ಗೆದ್ದರು.

ಹೀಗೆ ತೆರೆದ ಬಾಗಿಲಿನೊಳಗೆ ಕಾಲಿಟ್ಟ ಹವ್ಯಾಸಿಗಳಲ್ಲಿ ಮೊದಲು ಹೇಳಬೇಕಾದವರು ಪೆನ್ಸಿಲ್ವೇನಿಯಾದ ಜೇ ಸೀಗಲ್. 1943ರಲ್ಲಿ ಹುಟ್ಟಿದ ಇವರು ವಿದ್ಯಾರ್ಥಿಯಾಗಿದ್ದಾಗಲೇ ವೃತ್ತಿಪರರಾಗುವರೆಂದು ಎಲ್ಲರೂ ಎಣಿಸಿದ್ದರು. ಆ ದಿನಗಳಲ್ಲೊಮ್ಮೆ ಗಾಜಿನ ಬಾಗಿಲೊಂದು ಒಡೆದು ಎಡಗೈಗೆ ತೀವ್ರ ಗಾಯವಾಯಿತು, ನರಗಳಿಗೂ ಪೆಟ್ಟಾಯಿತು. ಅವರು ವಿಮಾ ವ್ಯವಹಾರಕ್ಕೆ ಇಳಿದು, ಸಂಸಾರ ಹೂಡಿ, ಬಿಡುವಿನಲ್ಲಿ ಆಡಿದರು. ಆ ಬಿಡುವಿನ ಆಟದಲ್ಲಿಯೇ 1979ರ ಬ್ರಿಟಿಷ್ ಅಮೆಚೂರ್, 1982 ಮತ್ತು 1983ರ ಯು.ಎಸ್. ಅಮೆಚೂರ್ ಪ್ರಶಸ್ತಿಗಳನ್ನು ಗೆದ್ದರು. ಅಮೆರಿಕ ಮತ್ತು ಬ್ರಿಟನ್-ಐರ್ಲೆಂಡ್ ಹವ್ಯಾಸಿಗಳ ನಡುವಿನ ವಾಕರ್ ಕಪ್ಪಿನಲ್ಲಿ ಒಂಬತ್ತು ಬಾರಿ ಆಡಿದರು. 1993ರಲ್ಲಿ, 50 ತುಂಬಿದಾಗ, ವೃತ್ತಿಪರರಾದರು. ಮರುವರ್ಷವೇ ಮೊದಲ ಗೆಲುವು ಬಂತು. ಒಟ್ಟು ಎಂಟು ಪಂದ್ಯಾವಳಿಗಳನ್ನು ಗೆದ್ದರು. 2025ರಲ್ಲಿ ತೀರಿಕೊಂಡರು.

ಎರಡನೆಯವರು ಅಲೆನ್ ಡಾಯ್ಲ್. ನಾರ್ವಿಚ್ ವಿಶ್ವವಿದ್ಯಾಲಯದ ಐಸ್ ಹಾಕಿ ಆಟಗಾರ. ಗಾಲ್ಫಿನಲ್ಲಿಯೂ ಅವರದು ಹಾಕಿಯ ಹೊಡೆತವೇ. ಕೋಲು ಹೆಗಲ ಮಟ್ಟಕ್ಕೂ ಏರುವುದಿಲ್ಲ. ಚಿಕ್ಕಂದಿನಲ್ಲಿ ತಗ್ಗಿನ ಮಾಳಿಗೆಯ ಕೋಣೆಯಲ್ಲಿ ಅಭ್ಯಾಸ ಮಾಡಿದ್ದೇ ಕಾರಣವೆಂದು ಹೇಳುತ್ತಾರೆ. ಜಾರ್ಜಿಯಾದ ಲಗ್ರೇಂಜ್ ಊರಿನಲ್ಲಿ ಅಭ್ಯಾಸ ಮೈದಾನವೊಂದನ್ನು ನಡೆಸುತ್ತಿದ್ದ ಅವರು 1995ರಲ್ಲಿ, 46ನೆಯ ವಯಸ್ಸಿನಲ್ಲಿ, ವೃತ್ತಿಪರರಾದರು. ಹಿರಿಯರ ಟೂರಿನಲ್ಲಿ 11 ಗೆಲುವು. 2005ರ ಯು.ಎಸ್. ಸೀನಿಯರ್ ಓಪನ್ ಕೊನೆಯ ದಿನ ಒಂಬತ್ತು ಹೊಡೆತ ಹಿಂದಿದ್ದವರು 63 ಆಡಿ ಗೆದ್ದರು. ಮರುವರ್ಷ 58 ತುಂಬಲು ಕೆಲವೇ ದಿನಗಳಿದ್ದಾಗ ಅದನ್ನೇ ಮತ್ತೊಮ್ಮೆ ಗೆದ್ದರು. 2001ರ ಋತುವಿನ ಅಗ್ರಸ್ಥಾನಕ್ಕಾಗಿ ಬಂದ 10 ಲಕ್ಷ ಡಾಲರನ್ನು ಪೂರ್ತಿ ದಾನ ಮಾಡಿದರು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಆಟಕ್ಕೆ ಸಂಬಂಧವಿಲ್ಲದಿದ್ದರೂ ಮನುಷ್ಯನಿಗೆ ಸಂಬಂಧವಿದೆ.

ಇನ್ನೂ ಇದ್ದಾರೆ. ವಾಲ್ಟರ್ ಝೆಂಬ್ರಿಸ್ಕಿ ಎತ್ತರದ ಕಟ್ಟಡಗಳ ಉಕ್ಕಿನ ತೊಲೆಗಳ ಮೇಲೆ ನಡೆದು ದುಡಿದವರು. ಮೂರು ಬಾರಿ ಗೆದ್ದರು. ಮಾರ್ಕ್ ಜಾನ್ಸನ್ ಬಿಯರ್ ಲಾರಿ ಓಡಿಸುತ್ತಿದ್ದವರು. 2005ರಲ್ಲಿ ಒಮ್ಮೆ ಗೆದ್ದರು.

ಆದರೆ ನಮ್ಮ ಮಿತ್ರರ ಪ್ರಶ್ನೆಗೆ ಹೆಚ್ಚು ಹತ್ತಿರವಾದವರು ಟೆಕ್ಸಸ್‌ನ ಏಜಲ್ ಊರಿನ ರೈತ ರಾಬರ್ಟ್ ಲ್ಯಾಂಡರ್ಸ್. ದನಗಳು ಮೇಯುವ ತಮ್ಮ ಹುಲ್ಲುಗಾವಲಿನಲ್ಲಿಯೇ ಚೆಂಡು ಹೊಡೆದು ಅಭ್ಯಾಸ ಮಾಡಿದವರು, ತಾವೇ ಜೋಡಿಸಿಕೊಂಡ ಕೋಲುಗಳಿಂದ, ಸಾಧಾರಣ ಕ್ಯಾನ್ವಾಸ್ ಬೂಟು ತೊಟ್ಟು ಆಡಿದವರು. 1994ರ ಕೊನೆಯಲ್ಲಿ ಅರ್ಹತಾ ಪಂದ್ಯದಲ್ಲಿ ತೇರ್ಗಡೆಯಾದಾಗ ಅಮೆರಿಕದ ಪತ್ರಿಕೆಗಳೆಲ್ಲ ಅವರ ಹೊಲಕ್ಕೆ ಧಾವಿಸಿದವು. ಮರುವರ್ಷ ಅವರು ಪಾಮರ್, ಟ್ರೆವಿನೊ ಅವರು ಆಡುವ ಟೂರಿನಲ್ಲಿ ಆಡಿದರು. ಗೆಲ್ಲಲಿಲ್ಲ, ಹೆಚ್ಚು ಕಾಲ ನಿಲ್ಲಲೂ ಆಗಲಿಲ್ಲ. ಸೀಗಲ್ ಮತ್ತು ಡಾಯ್ಲ್ ಹೆಸರಿಗೆ ಹವ್ಯಾಸಿಗಳು. ಅವರ ದೇಶದ ಅತ್ಯುತ್ತಮ ಹತ್ತಾರು ಆಟಗಾರರ ಪೈಕಿ ದಶಕಗಳಿಂದ ಇದ್ದವರು. ಐವತ್ತನೆಯ ಹುಟ್ಟುಹಬ್ಬ ಅವರನ್ನು ಸಮರ್ಥರನ್ನಾಗಿ ಮಾಡಲಿಲ್ಲ, ಇದ್ದ ಸಾಮರ್ಥ್ಯಕ್ಕೆ ಬಾಗಿಲು ತೆರೆಯಿತು, ಅಷ್ಟೆ. ಲ್ಯಾಂಡರ್ಸ್ ನಿಜಕ್ಕೂ ಹೊರಗಿನಿಂದ ಬಂದವರು.

ನಮ್ಮ ನಾಡಿನ ಕಡೆ ನೋಡಿದರೆ ಈ ಚಿತ್ರ ಮಗುಚಿ ಬೀಳುತ್ತದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಅಲ್ಲಿ ಬಹುಕಾಲ ಹವ್ಯಾಸಿಯಾಗಿ ಆಡುವುದೇ ಉಳ್ಳವರ ಹಕ್ಕಾಗಿತ್ತು. ಇಲ್ಲದವರು ಬ್ಯಾಗು ಹೊರುತ್ತಿದ್ದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ದುಡಿದು ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅವರಿಗೆ ಐವತ್ತರವರೆಗೆ ಕಾಯುವ ಅನುಕೂಲವಿರಲಿಲ್ಲ, ಆಟವೇ ಅನ್ನವಾಗಬೇಕಿತ್ತು. ನಮ್ಮ ಮಿತ್ರರಿಗೆ ಈ ಸಂಗತಿಯನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಅವರ ತಂದೆ ಊರಿನಲ್ಲಿ ಶಾಲಾ ಮೇಷ್ಟ್ರು. ಗಾಲ್ಫ್ ಕೋಲನ್ನು ಇವರು ಮೊದಲು ಮುಟ್ಟಿದ್ದು 29ನೆಯ ವಯಸ್ಸಿನಲ್ಲಿ, ಈ ದೇಶಕ್ಕೆ ಬಂದ ಬಳಿಕ.

ಇನ್ನು ಲೆಕ್ಕಾಚಾರ. ಇತ್ತೀಚಿನ ವರ್ಷಗಳಲ್ಲಿ ಟೂರಿನ ಅರ್ಹತಾ ಪಂದ್ಯದಿಂದ ಪೂರ್ಣ ಪ್ರವೇಶ ದೊರೆಯುವುದು ಮೊದಲ ಐವರಿಗೆ. ಪ್ರವೇಶ ಶುಲ್ಕವೇ ಸಾವಿರಾರು ಡಾಲರ್. ಪ್ರತಿವರ್ಷ 50 ತುಂಬುವವರಲ್ಲಿ ಮಾಸ್ಟರ್ಸ್, ಓಪನ್ ಗೆದ್ದವರೂ ಇರುತ್ತಾರೆ. ಹ್ಯಾಂಡಿಕ್ಯಾಪ್ 2 ಎಂಬ ಅಂಕಿಯೂ ಕೊಂಚ ಮೋಸಗಾರ. 2020ರಿಂದ ಬಳಕೆಯಲ್ಲಿರುವ ಪದ್ಧತಿಯಲ್ಲಿ ಕೊನೆಯ 20 ಆಟಗಳ ಪೈಕಿ ಅತ್ಯುತ್ತಮ 8ರ ಸರಾಸರಿಯಿಂದ ಅದನ್ನು ಕಟ್ಟುತ್ತಾರೆ. ಕೆಟ್ಟ ದಿನಗಳು ಅದರಲ್ಲಿ ಕಾಣುವುದೇ ಇಲ್ಲ. ನಮ್ಮ ಮಿತ್ರರು ತಮ್ಮ ಆಟದ ಪುಸ್ತಕ ತಂದಾಗ ಇಪ್ಪತ್ತನ್ನೂ ಕೂಡಿಸಿ ಭಾಗಿಸಿದೆವು: 76ರ ಆಸುಪಾಸು, ಅದೂ ಪರಿಚಿತ ಮೈದಾನದಲ್ಲಿ. ಟೂರಿನಲ್ಲಿ ನೆಲೆ ನಿಂತವರ ಸರಾಸರಿ 70–71, ಪ್ರತಿವಾರ ಬೇರೆ ಮೈದಾನದಲ್ಲಿ. ಒಂದು ಸುತ್ತಿಗೆ ಐದು ಹೊಡೆತ ಹೆಚ್ಚಾದರೆ ಮೂರು ದಿನದ ಪಂದ್ಯಕ್ಕೆ ಹದಿನೈದು. ಅವರೇ ಕ್ಯಾಲ್ಕುಲೇಟರನ್ನು ಮೇಜಿನ ಮೇಲೆ ಮಗುಚಿಟ್ಟರು.

ಬೆನ್ನಿನ ವಿಷಯ. ಗಾಲ್ಫ್ ಆಡುವವರನ್ನು ಹೆಚ್ಚಾಗಿ ಕಾಡುವುದು ಸೊಂಟದ ಮೇಲಿನ ಕೆಳಬೆನ್ನು. ಒಂದೇ ದಿಕ್ಕಿಗೆ, ಪೂರ್ಣ ವೇಗದಲ್ಲಿ, ದಿನಕ್ಕೆ ನೂರಾರು ಬಾರಿ ತಿರುಚುವುದನ್ನು ಐವತ್ತರ ಬೆನ್ನುಮೂಳೆಯ ಡಿಸ್ಕುಗಳು ಸುಲಭವಾಗಿ ಕ್ಷಮಿಸುವುದಿಲ್ಲ. ಸ್ನಾಯು ಕೆಲವು ವಾರಗಳಲ್ಲಿ ಹೊಸ ಭಾರಕ್ಕೆ ಒಗ್ಗುತ್ತದೆ. ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. 2010ರಲ್ಲಿ ಡ್ಯಾನ್ ಮೆಕ್‌ಲಾಫ್ಲಿನ್ ಎಂಬ ಛಾಯಾಗ್ರಾಹಕರು 30ನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು, 10,000 ಗಂಟೆ ಅಭ್ಯಾಸ ಮಾಡಿ ವೃತ್ತಿಪರರಾಗುವೆನೆಂದು ಹೊರಟರು. ಹ್ಯಾಂಡಿಕ್ಯಾಪನ್ನು 2.6ಕ್ಕೆ ಇಳಿಸಿದರು, ಸುಮಾರು 6,000 ಗಂಟೆಗಳಲ್ಲಿ ಬೆನ್ನು ಕೈಕೊಟ್ಟಿತು. ಇನ್ನೊಂದು ಕಡೆ ಬರ್ನ್‌ಹಾರ್ಡ್ ಲ್ಯಾಂಗರ್ ಇದ್ದಾರೆ. 2024ರ ಫೆಬ್ರವರಿಯಲ್ಲಿ ಪಿಕಲ್‌ಬಾಲ್ ಆಡುವಾಗ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ ಅವರು ಮೇ ತಿಂಗಳಲ್ಲಿ ಮರಳಿ ಆಡಿದರು. ನವೆಂಬರಿನಲ್ಲಿ, 67ನೆಯ ವಯಸ್ಸಿನಲ್ಲಿ, ಈ ಟೂರಿನ 47ನೆಯ ಗೆಲುವು ಪಡೆದರು. ನಮ್ಮ ರೋಗಿಗಳಾರೂ ಇದನ್ನು ಮಾದರಿಯಾಗಿ ಹಿಡಿಯಬಾರದೆಂದು ವೈದ್ಯರಾಗಿ ಕೈಮುಗಿದು ಕೇಳುತ್ತೇವೆ. ನಮ್ಮ ಮಿತ್ರರ ಸ್ಕ್ಯಾನಿನಲ್ಲಿ ಕೆಳಗಿನ ಎರಡು ಡಿಸ್ಕುಗಳು ಸವೆದಿದ್ದವು. ವಾರಕ್ಕೆ ಎರಡು ಸುತ್ತು ಆಡಲು ಅಡ್ಡಿಯಿಲ್ಲ, ದಿನಕ್ಕೆ ಆರು ಗಂಟೆ ಹೊಡೆಯಲು ನಾವು ಒಪ್ಪಿಗೆ ಕೊಡಲಾರೆವು ಎಂದೆವು.

ಎಲ್ಲವನ್ನೂ ಕೇಳಿದ ಬಳಿಕ ಅವರು, "ಅಂದ್ರೆ ಆಗಲ್ಲ ಅಂತಲೇ ಹೇಳ್ತಿದ್ದೀರಿ" ಎಂದರು. ನಾವು ಹಾಗೆ ಹೇಳಲಿಲ್ಲ. ಟೂರಿಗೆ ಪ್ರವೇಶ ಪಡೆಯುವುದು ಒಂದು ಮಾತು. ಒಂದು ದಿನ ಅವರೊಡನೆ ಆಡುವುದು ಇನ್ನೊಂದು. ಯು.ಎಸ್. ಸೀನಿಯರ್ ಓಪನ್ ಇಂದಿಗೂ ಕಡಿಮೆ ಹ್ಯಾಂಡಿಕ್ಯಾಪಿನ ಹವ್ಯಾಸಿಗಳಿಗೆ ತೆರೆದಿದೆ. ದೇಶದ ಹಲವು ಮೈದಾನಗಳಲ್ಲಿ 18 ಕುಳಿಗಳ ಒಂದೇ ಸುತ್ತಿನ ಅರ್ಹತಾ ಪಂದ್ಯ ನಡೆಯುತ್ತದೆ. ಅದಕ್ಕೆ ಕೆಲಸ ಬಿಡಬೇಕಿಲ್ಲ, ಹವ್ಯಾಸಿಯ ಸ್ಥಾನವನ್ನೂ ಬಿಡಬೇಕಿಲ್ಲ. ಕ್ಯಾಂಪ್‌ಬೆಲ್ ಎರಡನೆಯವರಾದದ್ದೂ ಇದೇ ಪಂದ್ಯದಲ್ಲಿ.

ಎರಡು ವಾರಗಳ ಬಳಿಕ ಅವರು ನಮ್ಮ ಮನೆಗೆ ಬಂದರು, ಈ ಬಾರಿ ಪತ್ನಿಯೊಡನೆ. ಆಕೆಗೆ ಎಲ್ಲವೂ ತಿಳಿದಿತ್ತು. ದೀಪಾವಳಿಗಿಂತ ಮುಂಚೆಯೇ ತಿಳಿದಿತ್ತಂತೆ; ಅಭ್ಯಾಸ ಮೈದಾನದ ಬಿಲ್ಲುಗಳು ಯಾರ ಕಣ್ಣಿಗೂ ಬೀಳದಿರುವಷ್ಟು ಚಿಕ್ಕವಾಗಿರಲಿಲ್ಲ. ಅರ್ಜಿಯನ್ನು ಆಕೆಯೇ ತುಂಬಿದ್ದಾರೆ. ಮೇ ಕೊನೆಯ ವಾರದಲ್ಲಿ, ನಮ್ಮೂರಿನಿಂದ ಎರಡು ಗಂಟೆಯ ದಾರಿಯಲ್ಲಿರುವ ಮೈದಾನದಲ್ಲಿ, ಬೆಳಗಿನ 7.40ಕ್ಕೆ ಅವರ ಸರದಿ. ಒಂದು ದಿನ ರಜೆ ಹಾಕಿದ್ದಾರೆ. ಬ್ಯಾಗು ಹೊರಲು ಮಗ ಬರುವನೆಂದಿದ್ದ. ಅವನಿಗೆ ಪರೀಕ್ಷೆ ಇರುವುದರಿಂದ ಆ ಕೆಲಸ ನಮ್ಮ ಪಾಲಿಗೆ ಬಂದಿದೆ. ಬ್ಯಾಗಿನ ತೂಕ ಎಷ್ಟೆಂದು ಮೊದಲೇ ಕೇಳಿಕೊಂಡಿದ್ದೇವೆ, ನಮ್ಮ ಬೆನ್ನಿಗೂ ನಲವತ್ತೇಳಾಯಿತು.