ಜಮ್ಮದ ನಾಡಿನಲ್ಲಿ ಕ್ರಯದ ಮನೆ

ಬಾಳೆಲೆಯಲ್ಲಿ ‘ಈ ಮನೆ ಎಷ್ಟಕ್ಕೆ ಕೊಂಡಿರಿ?’ ಎಂದು ಹಿಂದೆಲ್ಲ ಯಾರೂ ಕೇಳುತ್ತಿರಲಿಲ್ಲ. ‘ಯಾವ ಮನೆಯವರು?’ ಎಂದು ಕೇಳುತ್ತಿದ್ದರು. ಮೇಲ್ನೋಟಕ್ಕೆ ಎರಡೂ ಮನೆಯ ಬಗೆಗಿನ ಪ್ರಶ್ನೆಗಳೇ. ಆದರೆ ಮೊದಲನೆಯದು ಪೇಟೆಯದು, ಎರಡನೆಯದು ನಾಡಿನದು. ಕೊಡಗಿನಲ್ಲಿ ಮನೆ ಎನ್ನುವುದು ಬಹುಕಾಲ ಹುಟ್ಟಿನಿಂದ ಬರುವಂಥದಾಗಿತ್ತು, ದುಡ್ಡಿನಿಂದ ಬರುವಂಥದಾಗಿರಲಿಲ್ಲ. ಇಂದು ಮಡಿಕೇರಿ, ವಿರಾಜಪೇಟೆಗಳ ಹಳೆಯ ಬೀದಿಗಳಲ್ಲಿ ಮನೆ ಕೊಳ್ಳಲು ಹೊರಡುವವರು, ಅದರಲ್ಲೂ ನಮ್ಮಂತೆ ಹಳ್ಳಿಯಿಂದ ಪೇಟೆಗೆ ಇಳಿಯುವವರು, ಈ ವ್ಯತ್ಯಾಸವನ್ನು ಸ್ವಲ್ಪ ತಿಳಿದುಕೊಂಡು ಹೊರಡುವುದು ಒಳ್ಳೆಯದು.

‘ಜಮ್ಮ’ ಎಂಬುದು ‘ಜನ್ಮ’ ಶಬ್ದದಿಂದ ಬಂದದ್ದು. ರಾಜರ ಕಾಲದಲ್ಲಿ ಸೈನ್ಯ ಸೇವೆ ಮತ್ತಿತರ ಊಳಿಗಕ್ಕೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಅನುಭವಿಸಲು ಕೊಟ್ಟ ಭೂಮಿ ಜಮ್ಮ. ಇದಕ್ಕೆ ಕಂದಾಯವೂ ಕಡಿಮೆ. ನೂರು ಭಟ್ಟಿ ಗದ್ದೆಗೆ, ಅಂದರೆ ಸುಮಾರು 3 ಎಕರೆಗೆ, ಸಾಗು ಭೂಮಿಯ ರೈತ 10 ರೂಪಾಯಿ ಕೊಟ್ಟರೆ ಜಮ್ಮದವನು 5 ರೂಪಾಯಿ ಕೊಡುತ್ತಿದ್ದ. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಬಾಣೆಯೂ ಸೇರಿರುತ್ತಿತ್ತು. ಆದರೆ ಈ ಭೂಮಿಯನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ, ಒಕ್ಕದೊಳಗೆ ಪಾಲು ಮಾಡಿ ಕಡಿದುಹಾಕುವಂತೆಯೂ ಇರಲಿಲ್ಲ. ಐನ್‌ಮನೆಯೂ ಹಾಗೆಯೇ. ಅದು ಒಬ್ಬನದಲ್ಲ, ಒಕ್ಕದ್ದು. ಸತ್ತವರದ್ದೂ ಇನ್ನು ಹುಟ್ಟಬೇಕಾದವರದ್ದೂ. ಅಂಥ ಮನೆಗೆ ಬೆಲೆ ಕಟ್ಟುವುದು ಹೇಗೆ? ಬ್ರಿಟಿಷರು 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಮೇಲೂ ಈ ಪದ್ಧತಿಯನ್ನು ಮುಂದುವರಿಸಿದರು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಅದನ್ನು ಕಾನೂನಿನ ಭಾಷೆಗೆ ತಂದಿತು. ಆಮೇಲೆ ಈ ಜಮ್ಮ ಬಾಣೆಯ ಹಕ್ಕು ಯಾರದು ಎಂಬ ವ್ಯಾಜ್ಯ ಹೈಕೋರ್ಟಿನವರೆಗೆ, ವಿಧಾನಸಭೆಯವರೆಗೆ ಹೋಗಿದೆ. ಆ ದೀರ್ಘ ಕತೆ ಇಲ್ಲಿ ಬೇಡ.

ಜಮ್ಮ ಎಂದಾಕ್ಷಣ ಅದು ಕೊಡವರಿಗೆ ಮಾತ್ರ ಸಂಬಂಧಿಸಿದ್ದೆಂದು ಹೊರಗಿನವರು ತಿಳಿಯುತ್ತಾರೆ. ‘ಜಮ್ಮ ಮಾಪಿಳ್ಳೆ’ ಎಂಬ ಹೆಸರು ಸುಮ್ಮನೆ ಹುಟ್ಟಿದ್ದಲ್ಲ. ಕೊಡಗಿನ ದಕ್ಷಿಣ ಭಾಗದಲ್ಲಿ ಕೊಡವ ತಕ್ಕಿನಲ್ಲೇ ಮಾತಾಡುವ, ಒಕ್ಕದ ಹೆಸರನ್ನು ಬಿಡದೆ ಉಳಿಸಿಕೊಂಡಿರುವ ಮುಸ್ಲಿಂ ಮನೆತನಗಳು ಇಂದಿಗೂ ಇವೆ. ಬಂದೂಕಿನ ಪರವಾನಗಿಯಿಂದ ಕೇಂದ್ರ ಸರ್ಕಾರ ನೀಡುತ್ತ ಬಂದಿರುವ ವಿನಾಯಿತಿಯ ಒಕ್ಕಣೆಯಲ್ಲೂ ಕೊಡವ ಜನಾಂಗದವರ ಜೊತೆಗೆ ‘ಜಮ್ಮ ಹಿಡುವಳಿದಾರರು’ ಎಂದು ಪ್ರತ್ಯೇಕವಾಗಿ ಬರೆದಿದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು.

ಆದರೆ ಜಮ್ಮವಿಲ್ಲದವರು? ವ್ಯಾಪಾರಿ, ದರ್ಜಿ, ಕಮ್ಮಾರ, ಮಲಬಾರಿನಿಂದ ಉಪ್ಪು ಮೀನು ಹೊತ್ತು ಬಂದವನು, ಮೈಸೂರಿನ ಕಡೆಯ ದಖ್ಖನಿ ಮಾತಿನವನು, ಕೊಂಕಣಿ ಕ್ರಿಶ್ಚಿಯನ್ ಇವರೆಲ್ಲ ಎಲ್ಲಿ ನೆಲೆಯೂರಬೇಕಿತ್ತು? ಇದಕ್ಕೆ ಉತ್ತರವಾಗಿ ಹುಟ್ಟಿದ್ದು ಪೇಟೆ.

ಈ ಪೇಟೆಗಳನ್ನು ಕಟ್ಟಿಸಿದವನು ಯಾರು, ಯಾವಾಗ ಎಂಬುದನ್ನು ನೋಡಿದರೆ ಇತಿಹಾಸದ ವಿಚಿತ್ರ ಅರಿವಿಗೆ ಬರುತ್ತದೆ. 1785ರಲ್ಲಿ ಟಿಪ್ಪು ಸುಲ್ತಾನ ಕೊಡಗಿನ ದಂಗೆಯನ್ನು ಹತ್ತಿಕ್ಕಿ ಅಪಾರ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಎಂಬುದರ ಬಗ್ಗೆ ಬೇರೆ ಬೇರೆ ಲೆಕ್ಕಗಳಿವೆ. ಆದರೆ ಸಾಗಿಸಿದ್ದು ನಿಜ, ಅವರ ಭೂಮಿಯನ್ನು ಹೊರಗಿನಿಂದ ಕರೆತಂದ ಮುಸ್ಲಿಮರಿಗೆ ಹಂಚಿದ್ದೂ ನಿಜ. ಇದನ್ನು ಹೇಳಲು ನಾವು ಹಿಂಜರಿಯಬೇಕಾದ ಕಾರಣವಿಲ್ಲ. ಕೊಂಡದ್ದೂ ಅಲ್ಲದ, ಹುಟ್ಟಿನಿಂದ ಬಂದದ್ದೂ ಅಲ್ಲದ ಆ ಮನೆಗಳಲ್ಲಿ ಬಂದವರು ಹೆಚ್ಚು ಕಾಲ ಉಳಿಯಲಾಗಲಿಲ್ಲ. 1788ರ ಕೊನೆಯಲ್ಲಿ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಪಡೆದ. ಇದೇ ರಾಜ, ಟಿಪ್ಪುವಿನ ವಿರುದ್ಧ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಧಿಪತಿ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ 1792ರಲ್ಲಿ ವೀರರಾಜೇಂದ್ರಪೇಟೆಯನ್ನು ಸ್ಥಾಪಿಸಿದ. ಅದೇ ಇಂದಿನ ವಿರಾಜಪೇಟೆ. ಟಿಪ್ಪುವಿನ ರಾಜ್ಯದಿಂದ ಓಡಿಬಂದ ಕ್ಯಾಥೊಲಿಕ್ ಕ್ರೈಸ್ತರಿಗೆ ಅವನು ಅಲ್ಲಿ ಜಾಗ ಕೊಟ್ಟ; ಸಂತ ಅನ್ನಮ್ಮನವರ ಇಗರ್ಜಿಯ ಚರಿತ್ರೆ ಅಲ್ಲಿಂದಲೇ ಆರಂಭವಾಗುತ್ತದೆ. ಮಲಬಾರಿನ ದಾರಿಯಲ್ಲಿದ್ದ ಈ ಪೇಟೆಗೆ ಮಾಪಿಳ್ಳೆ ವ್ಯಾಪಾರಿಗಳು ಬಾರದೆ ಇರುವುದು ಸಾಧ್ಯವೇ ಇರಲಿಲ್ಲ. ಕೊಡಗಿನ ಅಕ್ಕಿ ಹೇರೆತ್ತುಗಳ ಮೇಲೆ ಘಟ್ಟ ಇಳಿಯಬೇಕು, ಉಪ್ಪು ಘಟ್ಟ ಹತ್ತಬೇಕು. ಉಪ್ಪಿಲ್ಲದೆ ಯಾವ ಒಕ್ಕದ ಅಡುಗೆಯೂ ಆಗುತ್ತಿರಲಿಲ್ಲ.

ಮಡಿಕೇರಿಯ ಮಹದೇವಪೇಟೆ ಇದೇ ರಾಜನ ರಾಣಿ ಮಹದೇವಮ್ಮಾಜಿಯ ಹೆಸರಿನದು. ಮೇಲೆ ಕೋಟೆಯಲ್ಲಿ ಅರಮನೆ, ಕೆಳಗೆ ಇಳಿಜಾರಿನಲ್ಲಿ ಪೇಟೆ. ಕೋಟೆಯ ಕತೆಯೂ ಹೀಗೆಯೇ ಬೆರಕೆ: 1681ರಲ್ಲಿ ಮುದ್ದುರಾಜ ಕಟ್ಟಿಸಿದ್ದು, ಟಿಪ್ಪು ಅದನ್ನು ಕಲ್ಲಿನಿಂದ ಭದ್ರಗೊಳಿಸಿ ಜಾಫರಾಬಾದ್ ಎಂದು ಕರೆದ, ಆಮೇಲೆ ಮತ್ತೆ ಕೊಡಗಿನ ರಾಜರು. ಮಹದೇವಪೇಟೆಯ ಕಡೆಯ ದಿಣ್ಣೆಯ ಮೇಲಿನ ಗದ್ದಿಗೆಯನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯ ಸಮಾಧಿ ಅಲ್ಲಿದೆ. ಪಕ್ಕದಲ್ಲಿ ಲಿಂಗರಾಜೇಂದ್ರನದು. ಗುಮ್ಮಟ, ನಾಲ್ಕು ಮೂಲೆಗೆ ಗೋಪುರ, ಅವುಗಳ ನಡುವೆ ನಂದಿ. ದೂರದಿಂದ ನೋಡಿದರೆ ಬಿಜಾಪುರದ ಕಡೆಯ ಯಾವುದೋ ದರ್ಗಾ ಎನ್ನಬೇಕು. 1820ರ ಓಂಕಾರೇಶ್ವರ ದೇವಸ್ಥಾನಕ್ಕೂ ಗುಮ್ಮಟ ಮತ್ತು ಮಿನಾರುಗಳಿವೆ. ಟಿಪ್ಪುವಿನೊಡನೆ ಜೀವನ್ಮರಣದ ಹೋರಾಟ ಮಾಡಿದ ರಾಜ ಮಲಗಿರುವುದು ಗುಮ್ಮಟದ ಕೆಳಗೆ. ಕಟ್ಟಡದ ಶೈಲಿಗೆ ಅವರು ಜಾತಿ ಕೇಳಲಿಲ್ಲ. ಚೆನ್ನಾಗಿ ಕಂಡದ್ದನ್ನು ಕಟ್ಟಿಸಿದರು.

ಹಳೆಯ ಬೀದಿ ಎಂದರೆ ಎಲ್ಲವೂ ರಾಜರ ಕಾಲದ್ದೆಂದು ದಲ್ಲಾಳಿಗಳು ಹೇಳುವುದುಂಟು. ನಂಬಬೇಕಾಗಿಲ್ಲ. ಕೆಂಪು ಮಂಗಳೂರು ಹೆಂಚು ಹೊದ್ದ ಮಾಡು 1865ರ ನಂತರದ್ದೇ, ಏಕೆಂದರೆ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ ಆಗ. ಪೇಟೆಯ ಹಳೆಯ ಮನೆಗಳಲ್ಲಿ ಬಹಳಷ್ಟು ಕಾಫಿಯ ದುಡ್ಡಿನಿಂದ ಎದ್ದವು. ಫೌಲರ್ ಎಂಬ ಇಂಗ್ಲಿಷರವನು 1854ರಲ್ಲಿ ಮಡಿಕೇರಿಯಲ್ಲಿ ತೋಟ ಹಾಕಿದ್ದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದಕ್ಕೂ ಮುಂಚೆ ನಾಲ್ಕುನಾಡಿನ ಬಳಿ ಮಾಪಿಳ್ಳೆಗಳು ಮೊಖಾದ ಬೀಜ ತಂದು ಕಾಫಿ ಬೆಳೆಯುತ್ತಿದ್ದರು, ಅದರಿಂದ ಬರುವ ಲಾಭವನ್ನು ಮಾತ್ರ ಗುಟ್ಟಾಗಿಟ್ಟಿದ್ದರು ಎಂಬ ಪ್ರತೀತಿಯನ್ನು ಪಾದ್ರಿ ರಿಕ್ಟರ್ 1870ರ ತನ್ನ ಕೊಡಗಿನ ಕೈಪಿಡಿಯಲ್ಲಿ ಬರೆದಿಟ್ಟಿದ್ದಾನೆ. ಗುಟ್ಟಾಗಿಟ್ಟದ್ದು ವ್ಯಾಪಾರದ ಜಾಣತನ. ನಮ್ಮವರು ಅದರಲ್ಲಿ ಹಿಂದೆ ಬಿದ್ದವರಲ್ಲ.

ಈಗ ಕೊಳ್ಳುವ ಮಾತು. ಪೇಟೆಯ ಹಳೆಯ ಮನೆಯಲ್ಲಿ ಮೊದಲು ನೋಡಬೇಕಾದದ್ದು ಮುಂಭಾಗದ ಕೆತ್ತನೆಯ ಕಂಬವನ್ನಲ್ಲ, ಹಿಂಭಾಗದ ಬರೆಯನ್ನು. ಮಡಿಕೇರಿ ಬೆಟ್ಟದ ಮೈಮೇಲೆ ಕೂತ ಊರು. ಮನೆಗೆಂದು ಗುಡ್ಡ ಕಡಿದಲ್ಲೆಲ್ಲ ಬರೆ ನಿಲ್ಲುತ್ತದೆ, ಮಳೆಗಾಲದಲ್ಲಿ ಅದು ಜಾರುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳೇ ಇಳಿದು ಬಂದದ್ದನ್ನು ಕಂಡ ಮೇಲೂ ಬರೆಯ ಬುಡದಲ್ಲಿ ಇನ್ನೊಂದು ಅಂತಸ್ತು ಏರಿಸುವವರಿದ್ದಾರೆ. ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಹತ್ತಿರ ಮನೆ ನೋಡುವವರು 2010ರ ತಿದ್ದುಪಡಿಯನ್ನೂ ಗಮನಿಸಬೇಕು. ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ವರೆಗೆ ಕಟ್ಟಲು ಅನುಮತಿ ಬೇಕು.

ಅದಕ್ಕಿಂತ ಕಷ್ಟದ್ದು ಕಾಗದ. ಮೂಲ ಕ್ರಯಪತ್ರ, ಋಣಭಾರ ಪತ್ರ, ನಗರಸಭೆಯ ಖಾತೆ ಇವೆಲ್ಲ ಸರಿ ಇದ್ದರೂ ಮುಸ್ಲಿಂ ಮನೆತನದ ಮನೆಯಾದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಜಮ್ಮ ಹಿಂದೆ ಪಾಲಾಗದ ಆಸ್ತಿಯಾಗಿತ್ತು. ಪೇಟೆಯ ಕ್ರಯದ ಮನೆ ಪ್ರತಿ ಸಾವಿಗೂ ಪಾಲಾಗುವ ಆಸ್ತಿ. ಮಕ್ಕಳಿದ್ದರೆ ವಿಧವೆಗೆ ಎಂಟನೇ ಒಂದು, ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಮೂರು ತಲೆಮಾರು ಭಾಗಪತ್ರವಿಲ್ಲದೆ ದಾಟಿದರೆ ನಾಲ್ಕು ಕೋಣೆಯ ಮನೆಗೆ ಇಪ್ಪತ್ತು ಮೂವತ್ತು ವಾರಸುದಾರರು. ಒಬ್ಬ ದುಬೈಯಲ್ಲಿ, ಒಬ್ಬಳು ಕಣ್ಣೂರಿನಲ್ಲಿ, ಒಬ್ಬನ ಸುದ್ದಿಯೇ ಇಲ್ಲ. ಹೆಣ್ಣುಮಕ್ಕಳ ಸಹಿಯನ್ನು ‘ಆಮೇಲೆ ಹಾಕಿಸಿದರಾಯಿತು’ ಎಂದು ಬದಿಗಿಟ್ಟು ಮುಂಗಡ ಕೇಳುವ ಅಣ್ಣಂದಿರನ್ನು ನಾವು ನೋಡಿದ್ದೇವೆ. ಆ ಸಹಿಯಿಲ್ಲದೆ ಕೊಂಡವನು ಕೋರ್ಟಿನ ಮೆಟ್ಟಿಲನ್ನೂ ಸೇರಿಸಿ ಕೊಂಡಂತೆ. ಕೋರ್ಟಿನ ಮಾತು ಹಾಗಿರಲಿ, ಅವಳ ಪಾಲನ್ನು ತಿಂದ ಮನೆಯಲ್ಲಿ ನಮಾಜಿಗೆ ಚಾಪೆ ಹಾಸುವುದು ಎಲ್ಲಿ?

ನಮ್ಮ ಫಿಕ್‌ಹ್‌ನಲ್ಲಿ ‘ಶುಫಾ’ ಎಂಬ ಹಕ್ಕಿದೆ. ಮನೆ ಮಾರುವಾಗ ಹೊರಗಿನವನಿಗಿಂತ ಮೊದಲು ಕೊಳ್ಳುವ ಅವಕಾಶ. ಶಾಫಿಗಳಲ್ಲಿ ಇದು ಆಸ್ತಿಯ ಪಾಲುದಾರನಿಗೆ ಮಾತ್ರ. ಹನಫಿಗಳಲ್ಲಿ ಗೋಡೆಗೆ ಗೋಡೆ ತಾಗಿದ ನೆರೆಯವನಿಗೂ ಇದೆ. ಮಾಪಿಳ್ಳೆಗಳು ಶಾಫಿಗಳು, ಉರ್ದು ಮಾತಿನವರು ಹನಫಿಗಳು ಆಗಿರುವುದರಿಂದ ಕೊಡಗಿನ ಒಂದೇ ಬೀದಿಯಲ್ಲಿ ಎರಡೂ ಅಭಿಪ್ರಾಯಗಳು ಮುಖಾಮುಖಿ ವಾಸಿಸುತ್ತವೆ. ನೆರೆಯವನೆಂಬ ಒಂದೇ ಕಾರಣಕ್ಕೆ ಇರುವ ಇಂಥ ಹಕ್ಕನ್ನು ಸುಪ್ರೀಂ ಕೋರ್ಟು 1962ರಲ್ಲಿ ಸಂವಿಧಾನಕ್ಕೆ ಒಪ್ಪದ್ದೆಂದು ತಳ್ಳಿಹಾಕಿತು. ಇಂಥ ಹಕ್ಕಿನಿಂದ ಒಂದು ಮೊಹಲ್ಲಾ ತನ್ನವರಲ್ಲದವರಿಗೆ ಬಾಗಿಲು ಮುಚ್ಚಬಹುದೆಂಬ ಆತಂಕ ಆ ತೀರ್ಪಿನ ಹಿಂದೆ ಇತ್ತು. ಸರಿಯಾದ ಆತಂಕವೇ. ಆದರೆ ಬಾಗಿಲು ಮುಚ್ಚಲು ಕಾನೂನು ಬೇಕೆಂದೇನೂ ಇಲ್ಲ ಎಂಬುದು ಈಚಿನ ವರ್ಷಗಳಲ್ಲಿ ಮನೆ ಹುಡುಕಿದವರಿಗೆ ಗೊತ್ತು. ಫೋನಿನಲ್ಲಿ ಬೆಲೆ, ನೀರು, ಕಾರು ನಿಲ್ಲಿಸುವ ಜಾಗ ಎಲ್ಲ ಮಾತಾಡಿ ಮುಗಿದ ಮೇಲೆ ‘ತಮ್ಮ ಹೆಸರು?’ ಎಂಬ ಪ್ರಶ್ನೆ ಬರುತ್ತದೆ. ಹೆಸರು ಹೇಳಿದ ಮೇಲೆ ‘ಯಜಮಾನರು ಸದ್ಯಕ್ಕೆ ಮಾರುವುದಿಲ್ಲವಂತೆ’ ಎಂಬ ಉತ್ತರ. ನಮ್ಮವರ ಓಣಿಗಳಲ್ಲೂ ‘ನಮ್ಮವರಿಗೇ ಕೊಡಿ’ ಎಂಬ ಒತ್ತಾಯ ಇಲ್ಲದಿಲ್ಲ. ಹುಟ್ಟು ಕೇಳದೆ ಬೆಲೆ ಮಾತ್ರ ಕೇಳುವುದಕ್ಕೆಂದೇ ಹುಟ್ಟಿದ ಪೇಟೆ ಈಗ ‘ಯಾವ ಮನೆಯವರು?’ ಎಂದು ಕೇಳತೊಡಗಿದೆ. ಬಾಳೆಲೆಯಲ್ಲಿ ಆ ಪ್ರಶ್ನೆಯ ಹಿಂದೆ ಪರಿಚಯದ ಕುತೂಹಲವಾದರೂ ಇರುತ್ತಿತ್ತು.

ಇನ್ನೊಂದೆಡೆ ಹಳೆಯ ಮನೆಗಳೇ ಬೀಳುತ್ತಿವೆ. ಪ್ರವಾಸಿಗರು ಹೆಚ್ಚಿದ ಮೇಲೆ ಜಗಲಿಯಿದ್ದ ಮನೆಗಳು ಅಂಗಡಿಯ ಶಟರುಗಳಾದವು, ಕೆಲವು ಹೋಂಸ್ಟೇಗಳಾದವು. ಶುಕ್ರವಾರದ ಸಂತೆಗೆ ಬಂದವರು ಮಳೆ ಬಂದರೆ ಯಾರದೋ ಜಗಲಿಯ ಮೇಲೆ ನಿಲ್ಲುತ್ತಿದ್ದರು. ಶಟರಿನ ಮುಂದೆ ಹಾಗೆ ನಿಲ್ಲಲಾಗುವುದಿಲ್ಲ. ಇಷ್ಟಾದರೂ ದಸರೆಯಲ್ಲಿ ಕರಗಗಳು ಪಂಪಿನಕೆರೆಯಿಂದ ಹೊರಟಾಗ ಮಹದೇವಪೇಟೆಯಲ್ಲಿ ಯಾರ ಮನೆಯ ಬಾಗಿಲೂ ಮುಚ್ಚಿರುವುದಿಲ್ಲ.

ಹಳೆಯ ಕ್ರಯಪತ್ರಗಳನ್ನು ಓದುವ ಅಭ್ಯಾಸ ನಮಗಿದೆ. ಅವುಗಳಲ್ಲಿ ಬೆಲೆಗಿಂತ ಸ್ವಾರಸ್ಯದ್ದು ಚಕ್ಕುಬಂದಿ. ಮನೆ ಯಾವುದೆಂದು ಗುರುತಿಸಲು ನಾಲ್ಕು ದಿಕ್ಕಿನ ನೆರೆಯವರನ್ನು ಹೆಸರಿಸಲೇಬೇಕು, ಅವರಿಲ್ಲದೆ ಮನೆಗೆ ಗುರುತಿಲ್ಲ. ಪೇಟೆಯ ಒಂದು ಹಳೆಯ ಪತ್ರದಲ್ಲಿ ಹೀಗಿತ್ತು: ಪೂರ್ವಕ್ಕೆ ಮಾಪಿಳ್ಳೆಯ ಅಂಗಡಿ, ಪಶ್ಚಿಮಕ್ಕೆ ಕೊಂಕಣಿ ಶೆಟ್ಟರ ವಾಸದ ಮನೆ, ದಕ್ಷಿಣಕ್ಕೆ ಕ್ರಿಶ್ಚಿಯನ್ ವಿಧವೆಯೊಬ್ಬಳ ಹಿತ್ತಲು ಮತ್ತು ಇಬ್ಬರಿಗೂ ಸೇರಿದ ಬಾವಿ, ಉತ್ತರಕ್ಕೆ ಸರ್ಕಾರಿ ರಸ್ತೆ.